ಹಾಸುವ ಮುನ್ನ ಮಗುಚಿ ನೋಡಿ

ನಿಮ್ಮ ಮನೆಯಲ್ಲಿ ಎಷ್ಟು ಜಾನಮಾಜ್‌ಗಳಿವೆ? ಒಮ್ಮೆ ಎಣಿಸಿ ನೋಡಿ. ನಮ್ಮ ಮನೆಯಲ್ಲಿ ಏಳು ಇದ್ದವು. ಉಮ್ರಾಕ್ಕೆ ಹೋಗಿ ಬಂದವರು ಖರ್ಜೂರದ ಜೊತೆ ಕೊಟ್ಟದ್ದು, ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು, ಹಬ್ಬದ ಮುಂಚೆ ಹುಬ್ಬಳ್ಳಿಯಲ್ಲಿ ಕೊಂಡದ್ದು. ಎಲ್ಲವೂ ಮೆತ್ತಗೆ, ಎಲ್ಲವೂ ಯಂತ್ರದ್ದು. ಅವು ಎಲ್ಲಿ ತಯಾರಾದವು, ಯಾರ ದುಡಿಮೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದ್ದು ಒಂದು ಹಳೆಯ ಜಮಖಾನ. ನನ್ನ ತಾಯಿ ಮದುವೆಯಾಗಿ ಚಿಕ್ಕನರಗುಂದಕ್ಕೆ ಬರುವಾಗ ತವರಿನಿಂದ ತಂದದ್ದು. ದಪ್ಪ ಹತ್ತಿ ನೂಲಿನದು, ಅಂಚಿನಲ್ಲಿ ನವಿಲುಗಳ ಸಾಲು. ಅಮ್ಮ ತೀರಿಕೊಂಡ ಮೇಲೆ ಅದಕ್ಕೆ ಬೆಲೆಯಿರಲಿಲ್ಲ. ಮಾಳಿಗೆಯ ಮೇಲೆ ಹಾಸಿ ಮೆಣಸಿನಕಾಯಿ ಒಣಗಿಸುತ್ತಿದ್ದೆವು. ಕಳೆದ ಬೇಸಿಗೆಯಲ್ಲಿ ನನ್ನ ಕಿರಿಯ ಮಗಳು ಅದನ್ನು ಕೊಡವುತ್ತಾ, "ಅಬ್ಬಾ, ಈ ನವಲಿನ ಮೈ ಯಾಕ ಮೆಟ್ಟಿಲ ಮೆಟ್ಟಿಲ ಐತಿ?" ಎಂದು ಕೇಳಿದಳು. ನೋಡಿದರೆ ನಿಜ. ಕೊರಳೂ ಮೆಟ್ಟಿಲು, ಬಾಲವೂ ಮೆಟ್ಟಿಲು. ಇಂಥ ವಿಚಿತ್ರ ನವಿಲನ್ನು ಇಷ್ಟು ವರ್ಷ ತುಳಿದುಕೊಂಡೇ ಓಡಾಡಿದ್ದೆ, ನೋಡಿರಲಿಲ್ಲ. ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮುಗಿಸಿ, ಇಪ್ಪತ್ತು ವರ್ಷಗಳಿಂದ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಬಂದವನ ಬಳಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಉತ್ತರ ದೂರದಲ್ಲೇನೂ ಇರಲಿಲ್ಲ. ನಮ್ಮೂರಿನಿಂದ ನರಗುಂದಕ್ಕೆ ಹೋಗಿ ಹುಬ್ಬಳ್ಳಿ ಬಸ್ಸು ಹತ್ತಿದರೆ ದಾರಿಯಲ್ಲೇ ನವಲಗುಂದ. ಧಾರವಾಡ ಜಿಲ್ಲೆಯ ಈ ಊರಿನಲ್ಲಿ ಜಮಖಾನ ನೇಯುವವರು ಹೆಂಗಸರು, ಬಹುಪಾಲು ಮುಸ್ಲಿಮ್ ಮನೆತನದವರು. 16ನೇ ಶತಮಾನದಲ್ಲಿ ಆದಿಲ್‌ಶಾಹಿಗಳ ವಿಜಾಪುರದಿಂದ ಯುದ್ಧದ ಕಾಲದಲ್ಲಿ ಹೊರಟ ನೇಕಾರರು ಇಲ್ಲಿ ಬಂದು ನೆಲೆಸಿದರೆಂಬುದು ಅವರಲ್ಲಿ ಹರಿದುಬಂದ ಮಾತು. ಕಸುಬನ್ನು ಮನೆತನದ ಗುಟ್ಟಿನಂತೆ ಕಾಪಾಡಿಕೊಂಡು ಬಂದವರು. 2011ರಲ್ಲಿ 'ನವಲಗುಂದ ಜಮಖಾನ'ಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿ.ಐ. ಮಾನ್ಯತೆ ಸಿಕ್ಕಿತು. ಬೇರೆ ಕಡೆ ಮಾಡಿದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಹೆಸರಿಗೆ ಕಾವಲು ಸಿಕ್ಕಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಅಗ್ಗದ ಯಂತ್ರದ ಹಾಸುಗಳ ಎದುರು ಕೂಲಿ ಗಿಟ್ಟದೆ ನೇಯುವವರ ಸಂಖ್ಯೆ ಕಡಿಮೆಯಾಗುತ್ತಲೇ ಬಂದಿದೆ.

ಮಗಳನ್ನು ಕರೆದುಕೊಂಡು ಒಂದು ರವಿವಾರ ಹೋದೆ. ವಿಚಾರಿಸಿಕೊಂಡು ತಲುಪಿದ ಮನೆಯಲ್ಲಿ ಗೋಡೆಗೆ ಸಮನಾಗಿ ನೆಟ್ಟಗೆ ನಿಂತ ಮಗ್ಗ. ಅದರ ಮುಂದೆ ಅರವತ್ತರ ಹತ್ತಿರದ ಒಬ್ಬ ತಾಯಿ. ಎದುರಿಗೆ ನಕ್ಷೆಯಿಲ್ಲ, ಪುಸ್ತಕವಿಲ್ಲ. ಬಾಯಲ್ಲಿ ಎಳೆ ಎಣಿಸುತ್ತಾ, ಬಣ್ಣದ ನೂಲು ತೂರಿಸುತ್ತಾ, ಕೈಬೆರಳಿನ ಆಕಾರದ ಕಬ್ಬಿಣದ ಪಂಜಾದಿಂದ ಬಡಿದು ಕೂಡಿಸುತ್ತಿದ್ದರು. ಮಗಳ ಪ್ರಶ್ನೆಗೆ ಅವರು ನಕ್ಕು, "ನೂಲು ಅಡ್ಡ ಹೊಕ್ಕತೈತಿ, ಇಲ್ಲಾ ಒಂದೊಂದ ಎಳಿ ಸರೀತೈತಿ. ಸುತ್ತಿ ಹೋಗಾಕ ಅದಕ್ಕ ದಾರಿ ಇಲ್ಲವ್ವಾ" ಎಂದರು. ನವಿಲು ಮೆಟ್ಟಿಲಾಗುವುದು ಹೀಗೆ. ನವಿಲು, ಪಗಡೆಯ ಹಾಸು, ಚೌಕಗಳು, ಎಲ್ಲವೂ ಎಳೆಗಳ ಲೆಕ್ಕ.

ಅಲ್ಲೇ ಒಂದು ಜಾನಮಾಜ್ ಇತ್ತು. ಅದರಲ್ಲಿ ಹಕ್ಕಿ, ಪ್ರಾಣಿಗಳಿರಲಿಲ್ಲ. ಕಮಾನು ಮಾತ್ರ. ಅದೂ ಮೆಟ್ಟಿಲು ಮೆಟ್ಟಿಲಾಗಿಯೇ ಮೇಲಕ್ಕೇರಿತ್ತು. ಮನಸ್ಸಿಗೆ ಹಿಡಿಸಿತು. ಬೆಲೆ ಕೇಳಿದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವಂತೆ ಮಾಡಿದೆ. "ಅಂಗಡಿಯಲ್ಲಿ ಇದಕ್ಕಿಂತ ಮೆತ್ತಂದು ಕಡಿಮಿಗೆ ಸಿಗ್ತೈತಿ" ಎಂದೆ. ಅವರು ವಾದ ಮಾಡಲಿಲ್ಲ. "ನಾಕೈದು ದಿನಾ ಕುಂತೇನ್ರೀ" ಎಂದಷ್ಟೇ ಹೇಳಿ ಇನ್ನೂರು ರೂಪಾಯಿ ಇಳಿಸಿದರು. ನಾನು ಗೆದ್ದವನಂತೆ ಬಸ್ಸು ಹತ್ತಿದೆ.

ಓದುಗರೇ, ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಗಳು ಸುಮ್ಮನಿರಲಿಲ್ಲ. "ನಾವೂ ಮಾಡೂಣು" ಎಂದು ಗಂಟು ಬಿದ್ದಳು. ಒಡೆದ ಪಾಟಿಯೊಂದರ ಕಟ್ಟಿಗೆಯ ಚೌಕಟ್ಟು ತೆಗೆದುಕೊಂಡೆವು. ಮೇಲೆ ಇಪ್ಪತ್ತು, ಕೆಳಗೆ ಇಪ್ಪತ್ತು ಸಣ್ಣ ಮೊಳೆ ಹೊಡೆದೆವು. ಗಟ್ಟಿ ಹತ್ತಿ ದಾರವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬಿಗಿದೆವು. ಇದು ಹಾಸು. ಅದರೊಳಗೆ ಅಡ್ಡಲಾಗಿ ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಹೋಗುವುದು ಹೊಕ್ಕು. 'ಹಾಸುಹೊಕ್ಕು' ಎಂಬ ಮಾತನ್ನು ತರಗತಿಯಲ್ಲಿ ಎಷ್ಟು ಸಲ ಬಳಸಿದ್ದೇನೋ! ಅದರ ಅರ್ಥ ಬೆರಳಿಗೆ ತಿಳಿದದ್ದು ಅಂದೇ. ಪಂಜಾದ ಬದಲು ಬಾಚಣಿಕೆ ಹಿಡಿದೆವು.

ಮೊದಲ ಸಂಜೆ ಎರಡು ಬೆರಳಿನಷ್ಟು ನೇಯ್ದೆ. ಬೆಳಿಗ್ಗೆ ನೋಡಿದರೆ ಎರಡೂ ಬದಿ ಒಳಕ್ಕೆ ಎಳೆದು, ನಡು ಡಮರುವಿನಂತಾಗಿತ್ತು. ಬಿಚ್ಚಿದೆ. ಎರಡನೆಯ ಸಲ ಸಡಿಲ ಬಿಟ್ಟರೆ ಅಂಚಿನಲ್ಲಿ ಕುಣಿಕೆಗಳು ಜೋತಾಡಿದವು. ಮತ್ತೆ ಬಿಚ್ಚಿದೆ. ಮೂರನೆಯ ಸಲ ಕೆಂಪು, ಕಪ್ಪು ಎರಡು ಬಣ್ಣ ಹಾಕಲು ಹೋದೆ. ಬಣ್ಣಗಳು ಕೂಡುವಲ್ಲಿ ಒಂದಕ್ಕೊಂದು ಕೊಂಡಿ ಹಾಕಲಿಲ್ಲ. ಅಲ್ಲಿ ಉದ್ದಕ್ಕೆ ಸೀಳು ಬಿತ್ತು. ಕೌದಿ ಹೊಲಿಯುತ್ತಾ ಕುಳಿತಿದ್ದ ನನ್ನ ಹೆಂಡತಿ, "ಹುಡುಗರಿಗೆ ಒಂದು ತಪ್ಪಿಗೆ ಹತ್ತು ಸಲ ಬರಿಯಾಕ ಹಚ್ತೀರಿ. ಈಗ ನಿಮ್ಮ ಪಾಳಿ" ಎಂದಳು. ನಕ್ಕೆ. ಆದರೆ ಮಾತು ನಾಟಿತು.

ಹನ್ನೊಂದು ಸಂಜೆ ಕುಳಿತು ನಾನು ಮಾಡಿದ್ದು ಅಂಗೈ ಅಗಲದ ಒಂದು ತುಂಡು. ಕೊರಳು ನೋವು, ಕಣ್ಣು ಉರಿ. ಆಗ ನವಲಗುಂದದ ಆ ಜಾನಮಾಜ್ ತಂದು ಪಕ್ಕದಲ್ಲಿಟ್ಟು ಮಗುಚಿ ನೋಡಿದೆ. ಈ ಬದಿ ಹೇಗೋ ಆ ಬದಿಯೂ ಹಾಗೇ. ಹಾಸಿನ ಒಂದು ಎಳೆಯೂ ಹೊರಗೆ ಕಾಣುವುದಿಲ್ಲ, ಅಷ್ಟು ಒತ್ತಾಗಿ ಬಡಿದಿದ್ದಾರೆ. ನಾನು ಬಾಯಿಮಾತಿನಲ್ಲಿ ಇಳಿಸಿದ ಇನ್ನೂರು ರೂಪಾಯಿ ಯಾವ ಬೆನ್ನಿನ ನೋವಿನಿಂದ ಕಳೆದದ್ದೆಂದು ತಿಳಿಯಿತು. ಪ್ರವಾದಿ ದಾವೂದರು(ಅ) ಕೈಯಾರೆ ಕವಚ ಮಾಡಿ, ಸ್ವಂತ ದುಡಿಮೆಯಿಂದ ಉಣ್ಣುತ್ತಿದ್ದರೆಂಬ ಪಾಠವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ಹೇಳಿಕೊಡುವ ನಾನು, ಕೈಯಾರೆ ದುಡಿದು ಉಣ್ಣುವವರ ಎದುರು ನಿಂತಾಗ ಏನು ಮಾಡಿದ್ದೆ?

ಮುಂದಿನ ರವಿವಾರ ಮತ್ತೆ ಹೋದೆ. ಹಣ ಕೊಟ್ಟು, "ಅವತ್ತು ಕಡಿಮಿ ಕೊಟ್ಟಿದ್ದೆ, ತಪ್ಪಾತು" ಎಂದೆ. ಆ ತಾಯಿ ದೊಡ್ಡ ಮಾತೇನೂ ಆಡಲಿಲ್ಲ. ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಮಗಳ ಕೈಯಲ್ಲಿದ್ದ ನಮ್ಮ ತುಂಡನ್ನು ಇಸಿದುಕೊಂಡು ಮಗುಚಿ, ಬಡಿದು, ಬೆಳಕಿಗೆ ಹಿಡಿದು ನೋಡಿದರು. "ನೂಲು ನೆಟ್ಟಗ ಎಳೀಬ್ಯಾಡ್ರಿ, ಗುಡ್ಡದಂಗ ಬಿಟ್ಟು ಬಡೀರಿ. ಅಂಚು ಒಳಗ ಬರೂದಿಲ್ಲ" ಎಂದು ಮಗ್ಗದ ಮೇಲೆ ತೋರಿಸಿಕೊಟ್ಟರು. ನನ್ನ ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ಇಷ್ಟು ಚುಟುಕಾದ, ಇಷ್ಟು ಸರಿಯಾದ ಪಾಠವನ್ನು ನಾನು ಮಾಡಿದ ನೆನಪಿಲ್ಲ.

ಈಗ ಎರಡನೆಯ ತುಂಡು ನೇಯುತ್ತಿದ್ದೇವೆ. ಅಂಚು ಸುಮಾರು ನೆಟ್ಟಗಿದೆ. ಅಮ್ಮನ ಜಮಖಾನದ ಮೇಲೆ ಮೆಣಸಿನಕಾಯಿ ಹಾಕುವುದನ್ನು ನಿಲ್ಲಿಸಿದ್ದೇವೆ. ತೊಳೆದು, ನೆರಳಲ್ಲಿ ಒಣಗಿಸಿ, ಪಡಸಾಲೆಯಲ್ಲಿ ಹಾಸಿದ್ದೇವೆ.

ನೀವೂ ರಜೆಯಲ್ಲಿ ಮಕ್ಕಳ ಜೊತೆ ಪ್ರಯತ್ನಿಸಿ. ಒಂದು ಚೌಕಟ್ಟು, ಕೆಲವು ಮೊಳೆ, ಉಳಿದ ನೂಲು ಸಾಕು. ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ, ಬಿಚ್ಚುವುದನ್ನು ಕಲಿತರೂ ಲಾಭವೇ. ಮುಂದಿನ ಸಲ ಕೈಯಿಂದ ಮಾಡಿದ ವಸ್ತುವೊಂದು ಎದುರಿಗೆ ಬಂದಾಗ ಬೆಲೆ ಕೇಳುವ ಮೊದಲು ಅದನ್ನು ಮಗುಚಿ ನೋಡಿ. ಆಮೇಲೆ ಚೌಕಾಸಿ ಮಾಡಲು ನಿಮಗೆ ಬಾಯಿ ಬರುತ್ತದೆಯೇ, ನೀವೇ ಹೇಳಿ.