ಅಜ್ಜನ ಮೂಗಿನ ಹತ್ತಿರ ಬಂದ ಮೀನು

2008ರಲ್ಲಿ ‘ಜರ್ನಿ ಟು ದ ಸೆಂಟರ್ ಆಫ್ ದಿ ಅರ್ಥ್’ ಅಂತ ಒಂದು ತ್ರೀಡಿ ಸಿನಿಮಾ ಬಂದಿತ್ತು, ನೋಡಿದ್ದೀರಾ? ಜೂಲ್ಸ್ ವರ್ನ್ 1864ರಲ್ಲಿ ಬರೆದ ಕಾದಂಬರಿಯ ನೆಪ ಅದಕ್ಕೆ. ಕತೆ ಹೇಳಿದರೆ ನಗ್ತೀರಿ. ಒಬ್ಬ ಪ್ರೊಫೆಸರ್, ಜೊತೆಗೆ ಮನೆಯ ಹುಡುಗ, ದಾರಿ ತೋರಿಸೋಕೆ ಐಸ್‌ಲ್ಯಾಂಡಿನ ಒಬ್ಬಳು ಹುಡುಗಿ. ನೆಲ ಒಡೆದು ಭೂಮಿಯ ಹೊಟ್ಟೆಯೊಳಗೆ ಬೀಳ್ತಾರೆ. ಬೀಳ್ತಾ ಬೀಳ್ತಾ ಮಾತಾಡೋಕೂ ಪುರುಸೊತ್ತು! ಕೊನೆಗೆ ಡೈನೋಸಾರಿನ ತಲೆಬುರುಡೆಯಲ್ಲಿ ಕೂತು ಇಟಲಿಯ ವೆಸುವಿಯಸ್ ಬಾಯಿಂದ ಹೊರಗೆ. ಲಾ ಕಾಲೇಜ್ ರಸ್ತೆಯಲ್ಲಿ ಫಿಲ್ಮ್ ಆರ್ಕೈವ್ ಇಟ್ಟುಕೊಂಡಿರುವ ಪುಣೆಯಲ್ಲಿದ್ದೂ ನಾವು ದುಡ್ಡು ಕೊಟ್ಟು ನೋಡಿದ್ದು ಇದನ್ನ!

ಆದರೆ ತ್ರೀಡಿ ಮಾತ್ರ ಭರ್ಜರಿ. ನಿರ್ದೇಶಕ ಎರಿಕ್ ಬ್ರೆವಿಗ್ ಮೂಲತಃ ವಿಶುವಲ್ ಎಫೆಕ್ಟ್ಸ್ ಮನುಷ್ಯ, ಎಲ್ಲ ದೃಶ್ಯದಲ್ಲೂ ಅದು ಗೊತ್ತಾಗುತ್ತೆ. ಶುರುವಿನಲ್ಲೇ ಹೀರೋ ಬಾಯಿ ಮುಕ್ಕಳಿಸಿ ನಮ್ಮ ಮುಖಕ್ಕೇ ಉಗಿಯುತ್ತಾನೆ. ಥಿಯೇಟರ್ ತುಂಬಾ “ಅರೇ ಬಾಪ್ರೇ!”

ಊರಿಂದ ಬಂದಿದ್ದ ಅಪ್ಪ ಹಟ ಮಾಡಿ ಜೊತೆಗೆ ಬಂದಿದ್ದರು. ದೇಶದ ಮೊದಲ ತ್ರೀಡಿ ಸಿನಿಮಾ, 1984ರ ಮಲಯಾಳಂನ ‘ಮೈ ಡಿಯರ್ ಕುಟ್ಟಿಚಾತನ್’, ಹಿಂದಿಯಲ್ಲಿ ‘ಛೋಟಾ ಚೇತನ್’ ಆಗಿ ಬಂದಾಗ ಹುಬ್ಬಳ್ಳಿಯಲ್ಲಿ ನೋಡಿದವರು ಅವರು. ಐಸ್‌ಕ್ರೀಂ ಕೈಗೆ ಸಿಗುವಷ್ಟು ಹತ್ತಿರ ಬಂದಿದ್ದನ್ನ ಎಷ್ಟು ಸಲ ಹೇಳಿದ್ದರೋ. ಆಮೇಲೆ ಗ್ಲಾಕೋಮಾದಿಂದ ಎಡಗಣ್ಣು ಹೋಯಿತು. “ಒಂದ ಕಣ್ಣಾಗ ಎಷ್ಟು ಕಾಣತೈತಿ, ನೋಡೇಬಿಡೂಣು” ಅಂದರು.

ಕಾಣಲಿಲ್ಲ. ಆ ಕನ್ನಡಕ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ಕಳಿಸುತ್ತೆ, ಎರಡನ್ನೂ ಕೂಡಿಸಿ ದೂರ-ಹತ್ತಿರ ಲೆಕ್ಕ ಹಾಕೋದು ಮಿದುಳು. ಅಪ್ಪನಿಗೆ ಸಿಕ್ಕಿದ್ದು ಒಂದೇ ಚಿತ್ರ, ಗೋಡೆಗೆ ಅಂಟಿಸಿದ ಕ್ಯಾಲೆಂಡರಿನಂಥದ್ದು. ಅಂದರೆ ಸಿನಿಮಾದಲ್ಲಿ ಇದ್ದ ಒಂದೇ ಒಳ್ಳೇದನ್ನ ತೆಗೆದು, ಬರೀ ಕತೆಯನ್ನ ಅವರ ಪಾಲಿಗೆ ಬಡಿಸಿದ ಹಾಗಾಯ್ತು. ಕನ್ನಡಕ ಮಾತ್ರ ತೆಗೀಲಿಲ್ಲ.

ತೆಪ್ಪದ ಮೇಲೆ ಹಲ್ಲಿನ ಮೀನುಗಳು ಹಾರಿ ಬರೋ ಹೊತ್ತಿಗೆ ಮಗಳಿಗೆ ಇದು ಗೊತ್ತಾಗಿತ್ತು. ಆಗ ಅವಳಿಗೆ ಒಂಬತ್ತು. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡ್ತಿದ್ದವಳು. ಅಪ್ಪ ಅದನ್ನ ಬಾಯಿಬಿಟ್ಟು ಆಡದಿದ್ದರೂ ಮುಖ ಸಣ್ಣದಾಗ್ತಿತ್ತು. ಅವತ್ತು ಅವರ ಕಿವಿಗೆ ಬಾಯಿ ಹಚ್ಚಿ ಶುರು ಮಾಡಿದಳು ನೋಡಿ, ಪೂರಾ ಕನ್ನಡದಲ್ಲಿ! “ಅಜ್ಜಾ, ಮೀನು ಬಂತು... ಮುಂದಿನ ಸೀಟಿನವರ ತಲೆ ಮೇಲೆ... ಈಗ ನಿನ್ನ ಮೂಗಿನ ಹತ್ರ... ಬಗ್ಗು, ಬಗ್ಗು!” ಪದ ಸಿಗದ ಕಡೆ ಕೈಯಿಂದ ಅವರ ಮೂಗು ಮುಟ್ಟಿ ತೋರಿಸಿದಳು. ಎಲ್ಲರೂ ಬಗ್ಗಿ ಎದ್ದ ಮೇಲೆ ಅಪ್ಪ ಒಬ್ಬರೇ ಬಗ್ಗಿದರು.

ಆಟೋದಲ್ಲಿ ಕೇಳಿದೆ, ಹೆಂಗಿತ್ತು ಅಂತ.

“ಕತಿ ಶುದ್ಧ ಹುಚ್ಚರದು, ತಮ್ಮಾ. ಮೀನ ಛಲೋ ಇದ್ವು.”