ಕೆಂಚನ ಶುಶ್ರೂಷೆ

34 ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಒಂದು ಪುಟ್ಟ ಮೀನು ಪಾಠ ಕಲಿಸೀತೆಂದು ಎಂದೂ ಅನ್ನಿಸಿರಲಿಲ್ಲ. ನಮ್ಮದು ಒಕ್ಕಲುತನದ ಮನೆತನ. ಕಾಯಿಲೆ ಬಿದ್ದ ಎತ್ತಿನ ಬಳಿ ರಾತ್ರಿಯಿಡೀ ಕುಳಿತು, ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸುತ್ತಿದ್ದ ತಂದೆಯವರನ್ನು ಕಂಡು ಬೆಳೆದವನು ನಾನು. ಆದ್ದರಿಂದ ಪ್ರಾಣಿಗಳ ಆರೈಕೆ ನನಗೆ ಹೊಸತಲ್ಲವೆಂಬ ಅಭಿಮಾನ ಮನಸ್ಸಿನಲ್ಲಿತ್ತು. ಆ ಅಭಿಮಾನವೇ ಒಂದು ಮೂಕಜೀವಕ್ಕೆ ಹೇಗೆ ಮುಳುವಾಗಲಿತ್ತೆಂಬುದನ್ನು ಸಂಕೋಚ ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ.

2022ರ ನವೆಂಬರ್ ತಿಂಗಳಲ್ಲಿ ನನ್ನ ಮಗನಿಗೆ ಪುಣೆಗೆ ವರ್ಗವಾಯಿತು. ಒಂಬತ್ತು ವರ್ಷದ ಮೊಮ್ಮಗ ತಾನು ಸಾಕಿದ್ದ ಬೆಟ್ಟಾ ಮೀನನ್ನು ಧಾರವಾಡದ ನಮ್ಮ ಮನೆಯಲ್ಲಿ ಬಿಟ್ಟು ಹೋಗಬೇಕಾಯಿತು. ಹೆಸರು ಬೆಟ್ಟವಾದರೂ ಗಾತ್ರ ನನ್ನ ಕಿರುಬೆರಳಷ್ಟೇ. ಕೆಂಪು ಮೈ, ಅಂಚಿನಲ್ಲಿ ನೀಲಿಯ ಮಿಂಚು, ಸೆರಗಿನಂತೆ ತೂಗುವ ಬಾಲ. ಹುಡುಗ ಅದಕ್ಕೆ ‘ಕೆಂಚ’ ಎಂದು ಹೆಸರಿಟ್ಟಿದ್ದ. ಹೊರಡುವ ಮುನ್ನ ನೋಟುಪುಸ್ತಕದ ಒಂದು ಹಾಳೆಯನ್ನು ನನ್ನ ಕೈಗಿತ್ತು, “ಅಜ್ಜಾ, ಇದರಾಗ ಎಲ್ಲಾ ಬರದೀನಿ, ಹಂಗ ಮಾಡು” ಎಂದ. ಐದು ಸೂಚನೆಗಳಿದ್ದವು. ಹೀಟರ್ ಆರಿಸಬಾರದು, ಸ್ಪಂಜನ್ನು ನಳದ ನೀರಿನಲ್ಲಿ ತೊಳೆಯಬಾರದು, ಹಿಂದಿನ ದಿನ ಹಿಡಿದಿಟ್ಟ ನೀರನ್ನು ಸ್ವಲ್ಪವೇ ಬದಲಿಸಬೇಕು, ಹೊತ್ತಿಗೆ ಎರಡೇ ಕಾಳು ಹಾಕಬೇಕು, ದಿನಾಲು ಕೆಂಚನೊಡನೆ ಮಾತಾಡಬೇಕು. ಮಾಸ್ತರನ ಚಟ ಬಿಡುವುದೆಲ್ಲಿ? ಹಾಳೆಯಲ್ಲಿದ್ದ ಮೂರು ಕಾಗುಣಿತ ದೋಷಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಮಡಿಚಿ ಪಂಚಾಂಗದೊಳಗೆ ಇಟ್ಟುಬಿಟ್ಟೆ.

ಅನಂತರ ನನ್ನದೇ ವ್ಯವಸ್ಥೆ ಆರಂಭವಾಯಿತು. ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿಯ ಗೋಡೆಗೆ ಕಂದುಬಣ್ಣದ ಜಿಡ್ಡು ಹತ್ತಿತ್ತು. ಇದೆಂತಹ ಹೊಲಸೆಂದು ತೊಟ್ಟಿಯನ್ನು ಬದಿಗಿರಿಸಿ, ಎರಡು ಲೀಟರಿನ ಸ್ವಚ್ಛವಾದ ಗಾಜಿನ ಭರಣಿಗೆ ಮೀನನ್ನು ಸಾಗಿಸಿದೆ. ಪ್ರತಿದಿನ ಪ್ರಾತಃಕಾಲ ಭರಣಿಯನ್ನು ತಿಕ್ಕಿ ತೊಳೆದು, ನಳದಿಂದ ಆಗಷ್ಟೇ ಹಿಡಿದ ನೀರು ತುಂಬಿಸತೊಡಗಿದೆ. ನಮ್ಮದು ಸಸ್ಯಾಹಾರಿ ಮನೆ. ಅಂಗಡಿಯ ಕಾಳಿನಲ್ಲಿ ಮೀನು, ಸಿಗಡಿಗಳ ಪುಡಿ ಇರುವುದೆಂದು ಡಬ್ಬಿಯ ಮೇಲೆ ಓದಿ, ಅದನ್ನು ಮುಟ್ಟಲೊಲ್ಲದೆ ಚುರುಮುರಿ ಮತ್ತು ರೊಟ್ಟಿಯ ಪುಡಿ ಹಾಕಿದೆ. ಇಷ್ಟು ಮಾಡಿ, ಕೆಂಚನು ಬಹಳ ಸುಖದಲ್ಲಿದ್ದಾನೆಂದು ಹೆಮ್ಮೆಪಟ್ಟುಕೊಂಡೆ.

ಎರಡು ವಾರಗಳಲ್ಲಿ ಬೇನೆ ಕಾಣಿಸಿಕೊಂಡಿತು. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೀನು ತಳದಲ್ಲಿ ಒರಗಿರುತ್ತಿತ್ತು. ಬಾಲದ ಅಂಚು ಇಲಿ ಕಡಿದ ಬಟ್ಟೆಯಂತೆ ಹರಿದು ಕಪ್ಪಾಗಿತ್ತು. ಆಗಾಗ ಬಹು ಪ್ರಯಾಸದಿಂದ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಮತ್ತೆ ಕೆಳಗಿಳಿಯುತ್ತಿತ್ತು. ಗಾಯಕ್ಕೆ ಅರಿಶಿನ ಒಳ್ಳೆಯದೆಂದು ಒಂದು ಚಿಟಿಕೆ ಬೆರೆಸಿದೆ. ನೀರು ಕದಡಿತೇ ಹೊರತು ಗುಣ ಕಾಣಲಿಲ್ಲ. ಪ್ರತಿ ಭಾನುವಾರ ಮೊಮ್ಮಗ ದೂರವಾಣಿಯಲ್ಲಿ ಕೇಳುತ್ತಿದ್ದ: “ಅಜ್ಜಾ, ಕೆಂಚ ಹೆಂಗದಾನ?” ನಾನು “ಆರಾಮ ಅದಾನಪ್ಪ” ಎಂದೆ. ಆ ಮಾತನ್ನು ಅಡುಗೆಮನೆಯಿಂದ ಕೇಳಿಸಿಕೊಂಡ ನಮ್ಮ ಮನೆಯವರು ಏನೂ ಅನ್ನಲಿಲ್ಲ. ಆ ಮೌನವೇ ನನಗೆ ಹೆಚ್ಚು ಚುಚ್ಚಿತು.

ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಸಿದೆ. ಅವರೀಗ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕರು. ಭರಣಿಯನ್ನು ನೋಡಿ, ನಾನು ಹೇಳಿದ್ದನ್ನೆಲ್ಲ ಕೇಳಿ, ಅವರು ಮೆಲ್ಲಗೆ, “ಸರ್, ನೀವು ಬರೀ ನೀರು ಬದಲಿಸುತ್ತಿಲ್ಲ. ದಿನಕ್ಕೊಮ್ಮೆ ಅದರ ಊರನ್ನೇ ಬದಲಿಸುತ್ತಿದ್ದೀರಿ” ಎಂದರು. ಅವರು ವಿವರಿಸಿದ್ದನ್ನು ಓದುಗರಿಗೂ ತಿಳಿಸುವುದು ಯುಕ್ತ.

ಬೆಟ್ಟಾ ಮೂಲತಃ ಥೈಲೆಂಡ್ ದೇಶದ ಮೀನು. ಅಲ್ಲಿ ಇದನ್ನು ‘ಪ್ಲಾ ಕಟ್’, ಎಂದರೆ ಕಚ್ಚುವ ಮೀನು, ಎಂದು ಕರೆಯುತ್ತಾರೆ. ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಅವು ಕಾದಾಡುತ್ತವೆ. ಬ್ರಿಟನ್ನಿನ ಮತ್ಸ್ಯಶಾಸ್ತ್ರಜ್ಞ ಚಾರ್ಲ್ಸ್ ಟೇಟ್ ರೀಗನ್ 1910ರಲ್ಲಿ ಇದಕ್ಕೆ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂಬ ಶಾಸ್ತ್ರೀಯ ನಾಮವನ್ನಿತ್ತರು. ಥೈಲೆಂಡ್ ಸರ್ಕಾರ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಭತ್ತದ ಗದ್ದೆಗಳ, ಜೌಗುಗಳ ಆಳವಿಲ್ಲದ ನೀರು ಇದರ ತವರು. ಕಿವಿರಿನ ಜೊತೆಗೆ ‘ಲ್ಯಾಬಿರಿಂತ್’ ಎಂಬ ಅಂಗವೊಂದು ತಲೆಯೊಳಗಿರುವುದರಿಂದ ಮೇಲಿನ ಗಾಳಿಯನ್ನೂ ಉಸಿರಾಡಬಲ್ಲದು. ಈ ಒಂದು ಶಕ್ತಿಯೇ ಅದಕ್ಕೆ ಶಾಪವೂ ಆಗಿದೆ. ಗಾಳಿ ಕುಡಿದು ಬದುಕುತ್ತದಲ್ಲ ಎಂದು ಜನ ಇದನ್ನು ಲೋಟ, ಸೀಸೆಗಳಲ್ಲಿ ತುಂಬಿಡುತ್ತಾರೆ. ಗದ್ದೆಯ ನೀರು ಆಳವಿರದಿದ್ದರೂ ವಿಶಾಲವಾದದ್ದೆಂಬುದನ್ನು ಮರೆಯುತ್ತಾರೆ.

ನಾನು ಹೊಲಸೆಂದು ತಿಳಿದ ಜಿಡ್ಡಿನಲ್ಲಿಯೂ ಸ್ಪಂಜಿನಲ್ಲಿಯೂ ಇದ್ದವು ಉಪಕಾರಿಯಾದ ಸೂಕ್ಷ್ಮಜೀವಿಗಳು. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯ ಮೀನಿಗೆ ವಿಷ. ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ, ಬಳಿಕ ಅಷ್ಟೇನೂ ಅಪಾಯವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ತೊಟ್ಟಿಯನ್ನೇ ತೆಗೆದು ಆ ಸೇವಕರನ್ನು ನಾನು ಮನೆಯಿಂದಾಚೆ ಹಾಕಿದ್ದೆ. ನಳದ ನೀರಿನ ಕ್ಲೋರಿನ್ ಕುಡಿಯುವ ನಮಗೆ ಕ್ಷೇಮಕರ. ಆದರೆ ಮೀನಿನ ಕಿವಿರನ್ನು ಸುಡುತ್ತದೆ. ಜೊತೆಗೆ ಧಾರವಾಡದ ಚಳಿ. ಬೆಟ್ಟಾ ಮೀನಿಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿನ ನೀರು ಬೇಕು. ತಣ್ಣೀರಿನಲ್ಲಿ ಅದರ ಜೀರ್ಣಶಕ್ತಿಯೂ ರೋಗನಿರೋಧಕ ಶಕ್ತಿಯೂ ಕುಗ್ಗುತ್ತವೆ. ಹೀಗೆ ಕುಗ್ಗಿದಾಗ ನೀರಿನಲ್ಲಿ ಸದಾ ಇರುವ ರೋಗಾಣುಗಳೇ ರೆಕ್ಕೆಯನ್ನು ಕೊಳೆಸತೊಡಗುತ್ತವೆ. ಇದೇ ಕೆಂಚನಿಗೆ ಬಂದ ರೋಗ.

ಆಹಾರದ ವಿಷಯದಲ್ಲಿ ನಾನು ತುಸು ವಾದ ಮಾಡಿದೆ. ಆಗ ನಮ್ಮ ಮನೆಯವರೇ, “ಹುಲಿ ಹಸಿದರೆ ಹುಲ್ಲು ತಿಂತೈತೇನ್ರಿ? ನಮ್ಮ ನೇಮ ನಮಗ. ಅದು ಹುಳ ತಿಂದು ಬದುಕೋ ಜೀವ” ಎಂದು ತೀರ್ಪಿತ್ತರು. ಕಾಳಿನ ಡಬ್ಬಿಗೆ ಅಡುಗೆಮನೆಯಿಂದ ದೂರ, ಪಡಸಾಲೆಯ ಗೂಡಿನಲ್ಲಿ ಸ್ಥಳ ಸಿಕ್ಕಿತು.

ಅಂದು ಸಂಜೆ ಪಂಚಾಂಗದೊಳಗಿನ ಹಾಳೆಯನ್ನು ತೆಗೆದು ಮತ್ತೊಮ್ಮೆ ಓದಿದೆ. ಉಪನ್ಯಾಸಕರು ಅರ್ಧ ತಾಸು ಹೇಳಿದ್ದರ ಸಾರವೆಲ್ಲ ಆ ಐದು ಸಾಲುಗಳಲ್ಲಿಯೇ ಇತ್ತು. ನಾನು ಅದರ ಕಾಗುಣಿತವನ್ನಷ್ಟೇ ಓದಿದ್ದೆ.

ಶುಶ್ರೂಷೆ ಆರಂಭವಾಯಿತು. ತೊಟ್ಟಿಗೆ ಮತ್ತೆ ನೀರು ತುಂಬಿಸಿ ಹೀಟರ್ ಹಾಗೂ ಸ್ಪಂಜಿನ ಫಿಲ್ಟರ್ ಹಚ್ಚಿದೆವು. ಉಪನ್ಯಾಸಕರು ತಮ್ಮ ಮನೆಯ ತೊಟ್ಟಿಯಿಂದ ಹಳೆಯ ಸ್ಪಂಜಿನ ತುಂಡೊಂದನ್ನು ತಂದು ಹಾಕಿದರು. ಮೊಸರಿಗೆ ಹೆಪ್ಪು ಹಾಕಿದಂತೆ. ಗಾಳಿಗೆಂದು ಮೇಲೆ ನಾಲ್ಕು ಬೆರಳು ಜಾಗ ಬಿಟ್ಟೆವು. ತೊಟ್ಟಿ ಒಂದು ಹದಕ್ಕೆ ಬರುವವರೆಗೆ ಕೆಂಚನನ್ನು ನಾಲ್ಕು ಲೀಟರ್ ಹಿಡಿಯುವ ಬೇರೊಂದು ಪಾತ್ರೆಯಲ್ಲಿ ಇರಿಸಿ, ಅದನ್ನು ಬೆಚ್ಚಗಿನ ತೊಟ್ಟಿಯೊಳಗೇ ತೇಲಿಬಿಟ್ಟೆವು. ಅಯೋಡಿನ್ ಸೇರಿಸದ ಕಲ್ಲುಪ್ಪನ್ನು ಒಂದು ಚಹಾ ಚಮಚದಷ್ಟು ಮೊದಲೇ ಕರಗಿಸಿ ಆ ಪಾತ್ರೆಯ ನೀರಿಗೆ ಸೇರಿಸಲಾಯಿತು. ಪ್ರತಿದಿನ ಇದೇ ಪ್ರಮಾಣದ ಉಪ್ಪಿನ, ಇದೇ ಬಿಸುಪಿನ ನೀರಿನಿಂದ ಅರ್ಧದಷ್ಟನ್ನು ಬದಲಿಸುತ್ತಿದ್ದೆ. ಹಾಗೆ ಮಾಡುವಾಗ ಹೊಸ ನೀರಿನ ಪಾಲಿಗೆ ಮಾತ್ರ ಉಪ್ಪು ಹಾಕಬೇಕು, ಇಲ್ಲದಿದ್ದರೆ ಅದು ದಿನೇದಿನೇ ಏರುತ್ತ ಹೋಗುತ್ತದೆಂದು ಅವರು ಎಚ್ಚರಿಸಿದ್ದರು. ಒಂದು ವಾರದ ನಂತರ ಉಪ್ಪನ್ನು ನಿಲ್ಲಿಸಿದೆವು. ಬಡಾವಣೆಯ ರಸ್ತೆಬದಿಯ ಬಾದಾಮಿ ಮರದಿಂದ ತಾನಾಗಿ ಉದುರಿದ ಒಣ ಎಲೆಗಳನ್ನು ತೊಳೆದು ತೊಟ್ಟಿಯಲ್ಲಿರಿಸಿದೆವು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಅಂತಹ ಎಲೆಯ ಒಗರುನೀರು ಬೆಟ್ಟಾ ಮೀನಿಗೆ ಹಿತವೆಂದು ಅದನ್ನು ಸಾಕುವವರು ಬಹುಕಾಲದಿಂದ ನಂಬಿದ್ದಾರೆ.

ಕೊಳೆತ ಮೈಯವರೆಗೆ ಹಬ್ಬಿದರೆ ಪಶುವೈದ್ಯರ ಸಲಹೆಯಂತೆ ಔಷಧ ಕೊಡಬೇಕಾದೀತು. ಹೊಟ್ಟೆ ಊದಿ, ಹುರುಪೆಗಳೆಲ್ಲ ಎದ್ದು ನಿಂತರೆ ಅದು ಬೇರೆಯೇ ಕಾಯಿಲೆ; ಅದರಿಂದ ಉಳಿಯುವುದು ಅಪರೂಪ. ದೈವಕೃಪೆಯಿಂದ ಕೆಂಚನ ಸ್ಥಿತಿ ಅಲ್ಲಿಗೆ ಮುಟ್ಟಿರಲಿಲ್ಲ.

ಆ ಭಾನುವಾರ ದೂರವಾಣಿ ಬಂದಿತು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ನನಗೆ, ಒಂಬತ್ತು ವರ್ಷದ ಹುಡುಗನ ಮುಂದೆ ನಾಲಿಗೆ ಏಳಲಿಲ್ಲ. ಕೊನೆಗೆ, “ಅಪ್ಪಾ, ಹೋದ ವಾರ ನಾ ಸುಳ್ಳು ಹೇಳಿದ್ದೆ. ಕೆಂಚಗ ಆರಾಮ ಇಲ್ಲ. ನಿನ್ನ ಹಾಳಿ ನಾ ಓದಿದ್ದರ ಹಿಂಗ ಆಗ್ತಿರಲಿಲ್ಲ” ಎಂದೆ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಬಳಿಕ, “ಅಜ್ಜಾ, ನೀ ಬೇಕಂತ ಮಾಡಿಲ್ಲಲ್ಲ?” ಎಂದು ಕೇಳಿದ. ಇಲ್ಲವೆಂದೆ. “ಹಂಗಾರ ಈಗ ಅದರ ಜೋಡಿ ಮಾತಾಡು” ಎಂದ. ಅವನ ದನಿಯಲ್ಲಿ ಅಳು ಇತ್ತು. ಬೇಕೆಂದು ಮಾಡದಿದ್ದರೂ ಮೀನು ನೊಂದದ್ದು ನಿಜ, ಹುಡುಗನು ನೊಂದದ್ದೂ ನಿಜ. ಐದನೆಯ ಸೂಚನೆಯನ್ನು ನಾನು ಅಂದಿನಿಂದ ತಪ್ಪದೆ ಪಾಲಿಸಿದೆ.

ಆರನೆಯ ದಿನ ಕೆಂಚ ಎರಡು ಕಾಳು ತಿಂದ. ಮೂರು ವಾರಗಳಲ್ಲಿ ಬಾಲದ ಅಂಚಿನಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ, ಬಣ್ಣವಿಲ್ಲದ ಹೊಸ ಪೊರೆ ಮೂಡಿತು. ವಾರಕ್ಕೊಂದು ದಿನ ಹೊಟ್ಟೆಗೆ ಬಿಡುವು ಕೊಟ್ಟರೆ ಒಳ್ಳೆಯದೆಂದು ಉಪನ್ಯಾಸಕರು ಹೇಳಿದ್ದರಿಂದ, ನಮ್ಮ ಮನೆಯವರು ತಮ್ಮ ಸೋಮವಾರದ ಉಪವಾಸದಲ್ಲಿ ಕೆಂಚನನ್ನೂ ಸೇರಿಸಿಕೊಂಡರು! ಸಂಕ್ರಾಂತಿಯ ಹೊತ್ತಿಗೆ ನೀರಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳ ಗೂಡು ಕಂಡಿತು. ಗಂಡು ಬೆಟ್ಟಾ ಮೊಟ್ಟೆಗಳನ್ನು ಕಾಪಾಡಲು ಕಟ್ಟುವ ಗೂಡು ಅದು. ಹೆಣ್ಣು ಇಲ್ಲದಿದ್ದರೂ ಕಟ್ಟುತ್ತದೆ. ಅದರ ಚಿತ್ರ ತೆಗೆದು ಪುಣೆಗೆ ಕಳುಹಿಸಿದೆವು. ಬಾಲ ಮಾತ್ರ ಮೊದಲಿನಂತೆ ತುಂಬಿ ಬರಲಿಲ್ಲ. ಒಂದು ಮೂಲೆ ಕೊನೆಯವರೆಗೂ ಮೊಂಡಾಗಿಯೇ ಉಳಿಯಿತು.

2024ರ ಫೆಬ್ರವರಿಯಲ್ಲಿ ಕೆಂಚ ತೀರಿಕೊಂಡ. ಈ ಮೀನಿನ ಆಯುಷ್ಯವೇ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ. ಕೆಲವು ದಿನಗಳಿಂದ ಬಣ್ಣ ಮಾಸಿ, ಬಾದಾಮಿ ಎಲೆಯ ಮೇಲೆಯೇ ಮಲಗಿರುತ್ತಿದ್ದ. ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆವು. ಭಾನುವಾರದವರೆಗೆ ಕಾಯದೆ, ಅಂದೇ ಸಂಜೆ ಮೊಮ್ಮಗನಿಗೆ ನಾನೇ ಕರೆ ಮಾಡಿ ಇದ್ದದ್ದನ್ನು ಇದ್ದಂತೆ ತಿಳಿಸಿದೆ.

ಜೀವದಯೆಯ ಮಾತನ್ನು ನಾವು ಮಕ್ಕಳಿಗೆ ನಿತ್ಯ ಹೇಳುತ್ತೇವೆ. ಆದರೆ ನಮಗೆ ಹಿತವಾದುದನ್ನು ಇನ್ನೊಂದು ಜೀವದ ಮೇಲೆ ಹೇರುವುದು ದಯೆಯಲ್ಲ; ಅದಕ್ಕೇನು ಹಿತವೆಂದು ಕೇಳಿ ತಿಳಿದು ನಡೆಯುವುದು ದಯೆ. ಹಾಗೆ ಕೇಳುವಾಗ ಹೇಳುವವರು ಚಿಕ್ಕವರೆಂದು ಕಡೆಗಣಿಸಬಾರದು. ಮೊಮ್ಮಗನ ಆ ಹಾಳೆ ಈಗಲೂ ನನ್ನ ಪಂಚಾಂಗದಲ್ಲಿದೆ. ನನ್ನ ಕೆಂಪು ಶಾಯಿಯ ಗುರುತುಗಳನ್ನು ಕಂಡಾಗಲೆಲ್ಲ, ತಿದ್ದಿಸಿಕೊಳ್ಳಬೇಕಾಗಿದ್ದವನು ನಾನೇ ಎಂದು ನೆನಪಾಗುತ್ತದೆ.