ನಮ್ಮ ಮನೆಯ ಪಡುವಣ ಗೋಡೆ

ಮನೆಯ ಗೋಡೆಗಳಿಂದ ನಾವು ಹೆಚ್ಚಿನದೇನನ್ನೂ ಬಯಸುವುದಿಲ್ಲ. ಛಾವಣಿಯನ್ನು ಹೊತ್ತುಕೊಂಡು, ದೇವರ ಪಟಕ್ಕೆ ಒಂದು ಮೊಳೆಯನ್ನೂ ಕ್ಯಾಲೆಂಡರಿಗೆ ಇನ್ನೊಂದು ಮೊಳೆಯನ್ನೂ ಒದಗಿಸಿದರೆ ಅವುಗಳ ಕರ್ತವ್ಯ ತೀರಿತೆಂದು ಭಾವಿಸುತ್ತೇವೆ. ಮೈಸೂರಿನಲ್ಲಿರುವ ನಮ್ಮ ಮನೆಯ ಪಡುವಣ ಗೋಡೆಯೂ ಇಪ್ಪತ್ತು ವರ್ಷ ಹೀಗೆಯೇ ನಿಂತಿತ್ತು. ಕಳೆದೊಂದು ವರ್ಷದಿಂದ ಮಾತ್ರ ಸಂಜೆಯಾದರೆ ಅದರ ಮೇಲೆ ಸಿನಿಮಾ ನಡೆಯುತ್ತದೆ, ಕ್ರಿಕೆಟ್ಟಿನ ಆಟ ನಡೆಯುತ್ತದೆ. ಈ ಮಾರ್ಪಾಡು ಹೇಗಾಯಿತೆಂಬುದನ್ನೂ ಅದರಿಂದ ನಮಗೆ ತಿಳಿದುಬಂದುದನ್ನೂ ಸಂಸಾರವಂದಿಗರಾದ ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕೆಂಬ ಆಶೆಯಿಂದ ಇದನ್ನು ಬರೆಯುತ್ತಿದ್ದೇವೆ.

ನಮ್ಮದು ನಾಲ್ಕು ಜನರ ಸಂಸಾರ: ನಾವು ದಂಪತಿಗಳು, ಎಂಜಿನಿಯರಿಂಗ್ ಓದುತ್ತಿರುವ ಮಗ, ಎಂಬತ್ತನ್ನು ಸಮೀಪಿಸುತ್ತಿರುವ ನಮ್ಮ ತಾಯಿಯವರು. ರಾತ್ರಿ ಊಟವಾದ ಮೇಲೆ ಎಲ್ಲರೂ ಒಂದೇ ನಡುಮನೆಯಲ್ಲಿ ಕುಳಿತಿದ್ದರೂ ಮೂವರ ಕೈಯಲ್ಲಿ ಮೂರು ಮೊಬೈಲುಗಳು. ಮೂಲೆಯಲ್ಲಿದ್ದ ನಲವತ್ತಮೂರು ಅಂಗುಲದ ಟೆಲಿವಿಷನ್ನು ಯಾರು ನೋಡದಿದ್ದರೂ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಿತ್ತು. ತಾಯಿಯವರು ಬಾಗಿಲ ಬಳಿಯ ಕುರ್ಚಿಯಲ್ಲಿ ಜಪಸರವನ್ನು ಹಿಡಿದು ಕುಳಿತಿರುವರು. ಎರಡು ವರ್ಷದ ಹಿಂದೆ ಅವರ ಅಕ್ಷಿಪಟಲದ ನಡುಭಾಗ ಸವೆಯುತ್ತಿದೆಯೆಂದು ವೈದ್ಯರು ಹೇಳಿದ್ದರು. ಪೊರೆಯನ್ನು ತೆಗೆದಂತೆ ಶಸ್ತ್ರಕ್ರಿಯೆಯಿಂದ ನಿವಾರಿಸಬಹುದಾದ ದೋಷವಲ್ಲ ಇದು. ಅಂಚಿನ ದೃಷ್ಟಿ ಉಳಿದಿರುವುದರಿಂದ ನಡೆದಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಯಾವುದನ್ನು ನೇರವಾಗಿ ದಿಟ್ಟಿಸುವರೋ ಅದೇ ಮಸುಕಾಗಿಬಿಡುತ್ತದೆ. ಅವರು ಮನೆಯೊಳಗೆ ಎಂದಿನಂತೆ ಓಡಾಡುತ್ತಿದ್ದುದರಿಂದ ನಾವು ವೈದ್ಯರ ಮಾತನ್ನು ಅಷ್ಟಾಗಿ ಮನಸ್ಸಿಗೆ ತಂದುಕೊಳ್ಳಲಿಲ್ಲ. "ಬಾಮ್ಮ, ಟೀವಿ ನೋಡು" ಎಂದರೆ, "ನನಗೆ ಈಚೆಗೆ ಅದು ಬೇಡಪ್ಪ" ಎನ್ನುವರು. ವಯಸ್ಸಿಗೆ ತಕ್ಕ ವೈರಾಗ್ಯ ಬಂದಿತೆಂದು ನಾವು ಒಳಗೊಳಗೇ ಮೆಚ್ಚಿಕೊಂಡದ್ದೂ ಉಂಟು.

ಹೀಗಿರುವಲ್ಲಿ ಒಂದು ದಿನ ಮಗನು, "ಅಪ್ಪಾ, ಒಂದು ಪ್ರೊಜೆಕ್ಟರ್ ತರೋಣ. ಆಟಕ್ಕೂ ಆಯಿತು, ಸಿನಿಮಾಕ್ಕೂ ಆಯಿತು" ಎಂದನು. ಓದುವ ಹುಡುಗನಿಗೆ ಇರುವ ಆಟವೇ ಹೆಚ್ಚು, ಇನ್ನು ಗೋಡೆಯಗಲದ ಆಟವೇಕೆಂದು ನಾವು ಖಂಡಿತವಾಗಿ ನಿರಾಕರಿಸಿದೆವು. ಅವನು ಮರುಮಾತಾಡದೆ, ನೆರೆಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ ಹಣದಿಂದ ಅಗ್ಗದ ಯಂತ್ರವೊಂದನ್ನು ತರಿಸಿಕೊಂಡನು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 9000 ಲ್ಯೂಮೆನ್ ಎಂದಿತ್ತು. ಕೆಳಗೆ 4ಕೆ ಎಂದೂ ಇತ್ತು. ತಯಾರಕರ ಹೆಸರನ್ನು ಹೇಳಿ ಯಾರ ಮನಸ್ಸನ್ನೂ ನೋಯಿಸುವ ಇಚ್ಛೆ ನಮಗಿಲ್ಲ. ಗೋಡೆಯ ಮೇಲೆ ಬಿದ್ದದ್ದು ಮಾತ್ರ ಚಿತ್ರವಲ್ಲ, ಚಿತ್ರದ ನೆರಳು. ಹುಡುಗನು ಅದರ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಬೈಯಬೇಕೆಂದು ಬಂದ ನಮಗೆ ಬೈಯಲು ಬಾಯಿ ಬರಲಿಲ್ಲ.

ಅಂದಿನಿಂದ ಈ ಯಂತ್ರದ ಮರ್ಮವನ್ನು ತಿಳಿಯಬೇಕೆಂದು ತಂದೆಮಕ್ಕಳು ಒಟ್ಟಿಗೆ ಹೊರಟೆವು. ಇದರ ವಂಶ ಹಳೆಯದು. 1659ರ ಸುಮಾರಿಗೆ ಹಾಲೆಂಡಿನ ಕ್ರಿಶ್ಚಿಯನ್ ಹ್ಯೂಗೆನ್ಸನು ರೂಪಿಸಿದ ಮಾಯಾದೀಪವೇ ಇದರ ಮೂಲಪುರುಷ: ಹಿಂದೆ ದೀಪ, ನಡುವೆ ಗಾಜಿನ ಮೇಲೆ ಬರೆದ ಚಿತ್ರ, ಮುಂದೆ ಮಸೂರ. 1896ನೆಯ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಲಚ್ಚಿತ್ರವನ್ನು ತೋರಿಸಿದಾಗಲೂ ತತ್ತ್ವ ಅದೇ. ಈಗ ಗಾಜಿನ ಚಿತ್ರದ ಬದಲು ಕೆಲವು ಯಂತ್ರಗಳಲ್ಲಿ ದ್ರವಸ್ಫಟಿಕದ ಫಲಕವಿದೆ. ಇನ್ನು ಕೆಲವದರಲ್ಲಿ, ಅಮೆರಿಕದ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದಂತೆ, ಉಗುರಿನಷ್ಟಗಲದ ಬಿಲ್ಲೆಯ ಮೇಲೆ ಲಕ್ಷಾಂತರ ಕಿರುಗನ್ನಡಿಗಳು ಕ್ಷಣಕ್ಷಣಕ್ಕೂ ಓಲಾಡುತ್ತವೆ.

ಲ್ಯೂಮೆನ್ ಎಂಬುದು ಬೆಳಕಿನ ಅಳತೆ. ತೆರೆಯನ್ನು ಒಂಬತ್ತು ಭಾಗ ಮಾಡಿ, ಒಂದೊಂದು ಭಾಗದ ಬೆಳಕನ್ನೂ ಅಳೆದು ಸರಾಸರಿ ತೆಗೆದು, ಅದನ್ನು ತೆರೆಯ ವಿಸ್ತೀರ್ಣದಿಂದ ಗುಣಿಸಿದರೆ ಬರುವುದು ಆನ್ಸಿ ಲ್ಯೂಮೆನ್. ಪೆಟ್ಟಿಗೆಯ ಮೇಲೆ ಆನ್ಸಿ ಎಂಬ ಮಾತಿಲ್ಲದೆ ಬರಿಯ ಸಾವಿರಗಳಿದ್ದರೆ ಅದನ್ನು ಕವಿಸಮಯವೆಂದು ತಿಳಿಯತಕ್ಕದ್ದು. ಹಾಗೆಯೇ 4ಕೆ ಎಂಬುದಕ್ಕೆ, ಅಂಥ ಚಿತ್ರವನ್ನು ಒಳಕ್ಕೆ ತೆಗೆದುಕೊಳ್ಳಬಲ್ಲೆನೆಂದು ಒಂದು ಅರ್ಥ, ಅಷ್ಟೇ ಸೂಕ್ಷ್ಮವಾಗಿ ಹೊರಕ್ಕೆ ತೋರಿಸಬಲ್ಲೆನೆಂದು ಇನ್ನೊಂದು ಅರ್ಥ. ನಮ್ಮ ಯಂತ್ರವು ಮೊದಲನೆಯದನ್ನು ಮಾತ್ರ ಬಲ್ಲದ್ದಾಗಿತ್ತು. ಇಷ್ಟು ತಿಳಿದ ಮೇಲೆ ಅರ್ಧ ಹಣವನ್ನು ನಾವೇ ಹಾಕಿ, 1920ಕ್ಕೆ 1080 ಬಿಂದುಗಳ ಚಿತ್ರವನ್ನು ನಿಜವಾಗಿ ತೋರಿಸುವ ಯಂತ್ರವೊಂದನ್ನು ಅಂಗಡಿಗೆ ಹೋಗಿ ಕಣ್ಣಾರೆ ನೋಡಿ ತಂದೆವು.

ತಂದದ್ದಾಯಿತು, ಇಡುವುದೆಲ್ಲಿ? ಚಿತ್ರದ ಅಗಲದ 1.2 ಪಟ್ಟು ದೂರದಲ್ಲಿ ನಮ್ಮ ಯಂತ್ರವನ್ನು ಇಡಬೇಕು. ನೂರು ಅಂಗುಲದ ಚಿತ್ರವೆಂದರೆ ಮೂಲೆಯಿಂದ ಮೂಲೆಗೆ ನೂರು. ಅಗಲ ಎಂಬತ್ತೇಳು ಅಂಗುಲ, ಎಂದರೆ ಏಳೂಕಾಲು ಅಡಿ. ಅದಕ್ಕೆ ಸುಮಾರು ಎಂಟೂಮುಕ್ಕಾಲು ಅಡಿ ದೂರ ಬೇಕಾಯಿತು. ಇನ್ನೂ ದೊಡ್ಡ ಚಿತ್ರ ಬೇಕೆಂದು ಹಿಂದಕ್ಕೆ ಸರಿದರೆ ಬೆಳಕು ತೆಳುವಾಗುತ್ತದೆ. ದೂರ ಎರಡರಷ್ಟಾದರೆ ಹರವು ನಾಲ್ಕರಷ್ಟಾಗಿ ಹೊಳಪು ಕಾಲುಭಾಗಕ್ಕೆ ಇಳಿಯುತ್ತದೆ. ಮೊದಲು ಮೇಜಿನ ಮೇಲೆ ಇಟ್ಟೆವು. ನಮ್ಮ ಗೃಹಿಣಿಯು ಕಾಫಿಯ ತಟ್ಟೆಯೊಡನೆ ಅಡ್ಡಹಾಯ್ದಾಗಲೆಲ್ಲ ಯುದ್ಧಭೂಮಿಯಲ್ಲಿ ಒಂದು ಮಹಾಕಾಯದ ನೆರಳು ಲೋಟಗಳನ್ನು ಹೊತ್ತು ಸಂಚರಿಸುತ್ತಿತ್ತು. ಆಮೇಲೆ ಬೀರುವಿನ ಮೇಲೆ ಏರಿಸಿ ಮೂತಿಯನ್ನು ಕೆಳಕ್ಕೆ ಬಾಗಿಸಿದೆವು. ಚಿತ್ರ ಮೇಲೆ ಕಿರಿದು, ಕೆಳಗೆ ಅಗಲ, ಮೊರದ ಹಾಗಾಯಿತು. ಯಂತ್ರದೊಳಗೇ ಇದನ್ನು ತಿದ್ದುವ ಏರ್ಪಾಡಿದೆ, ತಿದ್ದಿದೆವು. ಸಿನಿಮಾ ಚೆನ್ನಾಗಿ ಕಂಡಿತು, ಆಟ ಕೆಟ್ಟಿತು.

ಇದರ ಕಾರಣ ಸ್ವಾರಸ್ಯವಾದುದು. ಗಂಟೆಗೆ 140 ಕಿಲೋಮೀಟರು ವೇಗದ ಚೆಂಡು 22 ಗಜದ ಅಂಕಣವನ್ನು ದಾಟುವುದಕ್ಕೆ ಬೇಕಾಗುವುದು ಸುಮಾರು ಅರ್ಧ ಸೆಕೆಂಡು. ಯಂತ್ರವು ಚಿತ್ರವನ್ನು ತಿದ್ದಿ, ನಯಗೊಳಿಸಿ, ಬಣ್ಣವನ್ನು ಹದಮಾಡಿ ಗೋಡೆಗೆ ಕಳುಹಿಸುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆದರೂ ಆ ಅರ್ಧ ಸೆಕೆಂಡಿನ ಐದನೆಯ ಒಂದು ಪಾಲು ಹೋದಂತಾಯಿತು. ಸಿನಿಮಾ ನೋಡುವವನಿಗೆ ಇದು ಗೊತ್ತೇ ಆಗದು. ಬ್ಯಾಟು ಬೀಸುವವನು ಔಟು. ಕೊನೆಗೆ ಬಡಗಿಯನ್ನು ಕರೆಸಿ, ಯಂತ್ರವನ್ನು ಬಾವಲಿಯಂತೆ ತಲೆಕೆಳಗಾಗಿ ಛಾವಣಿಗೆ ತೂಗುಹಾಕಿಸಿ, ಮೂತಿಯನ್ನು ನೇರಮಾಡಿ, ಚಿತ್ರವನ್ನು ತಿರುವಿಹಾಕುವ ಅನುಕೂಲವನ್ನು ಯಂತ್ರದಲ್ಲೇ ಹುಡುಕಿಕೊಂಡೆವು. ತಿದ್ದುವ ಕೆಲಸ ತಪ್ಪಿತು. ಆಟಕ್ಕೆಂದೇ ಇರುವ ಗೇಮ್ ಮೋಡ್ ಎಂಬ ವ್ಯವಸ್ಥೆಯನ್ನು ಹಾಕಿದಾಗ ಮಿಕ್ಕ ಅಲಂಕಾರಗಳೂ ನಿಂತು ವಿಳಂಬ ಬಹುಮಟ್ಟಿಗೆ ಹೋಯಿತು. ಅದಕ್ಕೆ ಮೊದಲು ನಾವು ಸೊನ್ನೆಗೆ ಔಟಾದಾಗಲೆಲ್ಲ ಯಂತ್ರದ ಮೇಲೆ ತಪ್ಪು ಹೊರಿಸುತ್ತಿದ್ದೆವು. ಆಮೇಲೆ ಆ ನೆವವೂ ಇಲ್ಲದಾಯಿತು. ಸೊನ್ನೆ ಮಾತ್ರ ಉಳಿಯಿತು. ಮಗನು ಬಹುಕಾಲದ ಮೇಲೆ ನಮ್ಮನ್ನು ನೋಡಿ ಮನಸಾರೆ ನಕ್ಕನು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಚಿತ್ರದಲ್ಲಿ ಕಪ್ಪಾಗಿರಬೇಕಾದದ್ದೆಲ್ಲ ಬೂದಿಬಣ್ಣವಾಗಿ ಕಾಣುತ್ತಿತ್ತು. ನಾವು ಯಂತ್ರದ ದೋಷವೆಂದೆವು. ಮಗನು, "ಅಪ್ಪಾ, ಪ್ರೊಜೆಕ್ಟರು ಕಪ್ಪನ್ನು ಬಿಡುವುದಿಲ್ಲ, ಬೆಳಕನ್ನು ಮಾತ್ರ ಬಿಡುತ್ತದೆ. ಕಪ್ಪೆಂದರೆ ಬೆಳಕು ಬೀಳದ ನಮ್ಮ ಗೋಡೆ ಅಷ್ಟೆ. ಗೋಡೆ ಕಪ್ಪಾಗಿ ಕಾಣಬೇಕಾದರೆ ಮನೆ ಕತ್ತಲಾಗಬೇಕು" ಎಂದು ತಿಳಿಸಿದನು. ದೀಪ ಆರಿಸಿದೆವು, ಕಿಟಕಿಗೆ ದಪ್ಪ ಪರದೆ ಕಟ್ಟಿದೆವು. ಆದರೂ ಗೋಡೆ ಮಂಕಾಗಿ ಹೊಳೆಯುತ್ತಲೇ ಇತ್ತು. ಸುತ್ತ ನೋಡಿದರೆ ನಮ್ಮ ಕೈಯಲ್ಲೊಂದು, ಗೃಹಿಣಿಯ ಮಡಿಲಲ್ಲೊಂದು, ಮಗನ ಪಕ್ಕದಲ್ಲೊಂದು, ಮೂರು ಮೊಬೈಲುಗಳು ಉರಿಯುತ್ತಿದ್ದವು. ಕಾಸಗಲದ ಆ ಬೆಳಕುಗಳು ನೂರು ಅಂಗುಲದ ಚಿತ್ರವನ್ನು ಕೆಡಿಸುತ್ತಿದ್ದವು. ಬುದ್ಧಿವಾದಕ್ಕೆ ಬಗ್ಗದಿದ್ದ ಮೊಬೈಲುಗಳು ಅಂದು ಚಿತ್ರದ ಚೆಲುವಿಗಾಗಿ ಮಗುಚಿ ಮಲಗಿದವು. ಬೆಳಕನ್ನು ಯಂತ್ರ ಕೊಡುತ್ತದೆ. ಕತ್ತಲೆಯನ್ನು ಮನೆಯವರು ಕೂಡಿ ಒದಗಿಸಬೇಕು.

ಆ ಕತ್ತಲೆಯಲ್ಲಿ ನಡೆದದ್ದನ್ನು ಹೇಳುವುದಕ್ಕಾಗಿಯೇ ಇಷ್ಟು ದೂರ ಬಂದೆವು. ಅದೊಂದು ಶನಿವಾರ. ಮಗನು ಅಜ್ಜಿಗೆ ಇಷ್ಟವಾದೀತೆಂದು 1954ರ 'ಬೇಡರ ಕಣ್ಣಪ್ಪ'ನನ್ನು ಹಾಕಿದನು. ರಾಜಕುಮಾರರು ನಾಯಕರಾದ ಮೊದಲನೆಯ ಚಿತ್ರ ಅದು. ತಾಯಿಯವರು ಎಂಟೊಂಬತ್ತು ವರ್ಷದ ಹುಡುಗಿಯಾಗಿ ಅದನ್ನು ಹಾಸನದ ಕಡೆಯ ತಮ್ಮ ತವರೂರಿಗೆ ಬಂದಿದ್ದ ಟೂರಿಂಗ್ ಟಾಕೀಸಿನ ಡೇರೆಯಲ್ಲಿ, ಮರಳಿನ ಮೇಲೆ ಕುಳಿತು ನೋಡಿದ್ದರಂತೆ. ಮಾತು ಕೇಳಿ ಅವರು ಬಾಗಿಲ ಬಳಿಯಿಂದ ಎದ್ದು ಬಂದರು. ಯಂತ್ರ ಛಾವಣಿಯಲ್ಲಿದ್ದುದರಿಂದ ಯಾರಿಗೂ ಅಡ್ಡವಾಗದಂತೆ ಗೋಡೆಗೆ ಐದೇ ಅಡಿ ದೂರದಲ್ಲಿ, ಒಂದು ಪಕ್ಕಕ್ಕೆ, ಕೆಳಗೇ ಚಾಪೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ, "ಅವಳು ಪಂಡರೀಬಾಯಿ ಅಲ್ಲವೇ?" ಎಂದರು. ನಮ್ಮ ಗೃಹಿಣಿಯು, "ಧ್ವನಿ ಗುರುತು ಹಿಡಿದಿರಾ ಅತ್ತೆ?" ಎಂದು ಕೇಳಿದಳು. "ಧ್ವನಿಯಲ್ಲಮ್ಮ, ಮುಖ ಕಾಣಿಸಿತು" ಎಂದರು.

ನಾವು ಒಂದು ಕ್ಷಣ ಚಿತ್ರವನ್ನು ಮರೆತೆವು. ಲೆಕ್ಕ ಹಾಕಿದರೆ ವಿಷಯ ಸರಳವಾದುದು. ಒಂಬತ್ತು ಅಡಿಯಾಚೆಯ ಟೆಲಿವಿಷನ್ನಿನಲ್ಲಿ ಕಾಣುವುದಕ್ಕಿಂತ ಐದು ಅಡಿಯಾಚೆಯ ಈ ಗೋಡೆಯ ಮೇಲೆ ಒಂದು ಮುಖ ಕಣ್ಣಿಗೆ ನಾಲ್ಕು ಪಟ್ಟಿಗೂ ಮಿಕ್ಕು ದೊಡ್ಡದಾಗಿ ಬೀಳುತ್ತದೆ. ಕಣ್ಣಿನ ನಡುವಣ ಮಸುಕು ಇದ್ದಷ್ಟೇ ಇದೆ. ಮುಖವು ಅದನ್ನು ಮೀರಿ ಹರಡಿದ್ದರಿಂದ ಉಳಿದ ದೃಷ್ಟಿಗೆ ಸಿಕ್ಕಿತು. ಟೆಲಿವಿಷನ್ನಿನ ಮುಂದೆ ಎರಡಡಿಗೆ ಹೋಗಿ ಕುಳಿತಿದ್ದರೆ ಅಲ್ಲಿಯೂ ಕಾಣುತ್ತಿತ್ತು. ಹಾಗೇಕೆ ಮಾಡಲಿಲ್ಲವೆಂದು ಕೇಳಿದೆವು. "ನಾನು ಮುಂದೆ ಕೂತರೆ ನಿಮಗೆಲ್ಲ ಮರೆಯಾಗುತ್ತಿತ್ತಲ್ಲಪ್ಪ" ಎಂದರು. ನಾವು ವೈರಾಗ್ಯವೆಂದು ತಿಳಿದು ಮೆಚ್ಚಿದ್ದು ಇದನ್ನು.

ಚಿತ್ರದ ಕೊನೆಯಲ್ಲಿ ಬೇಡನು ತನ್ನ ಕಣ್ಣುಗಳನ್ನು ಶಿವನಿಗೆ ಕೊಡುವ ಭಾಗ ಬಂದಾಗ ಯಾರೂ ಮಾತಾಡಲಿಲ್ಲ. ದೀಪ ಹಾಕಲು ನಾವು ಏಳುವಷ್ಟರಲ್ಲಿ ತಾಯಿಯವರು ಮೊಮ್ಮಗನನ್ನು ಕರೆದು, "ಕಂದ, ಇದರಲ್ಲಿ ನಿನ್ನ ಮುಖ ಬರಿಸೋದಕ್ಕೆ ಆಗುತ್ತದೆಯೇ?" ಎಂದು ಕೇಳಿದರು. "ಯಾಕಜ್ಜಿ?" ಎಂದನು. "ನೋಡಿ ಎರಡು ವರ್ಷವಾಯಿತಲ್ಲೋ" ಎಂದರು.

ದಿನಕ್ಕೆ ಹತ್ತು ಸಲ ಎದುರಿಗೆ ನಿಂತು ಮಾತಾಡುವ ಹುಡುಗ! ಅವನು ಏನನ್ನೂ ಹೇಳದೆ ತನ್ನ ಭಾವಚಿತ್ರವೊಂದನ್ನು ಗೋಡೆಗೆ ಬಿಟ್ಟನು. ಮುಖ ನಾಲ್ಕಡಿಯೆತ್ತರಕ್ಕೆ ಹರಡಿತು. ತಾಯಿಯವರು ಕತ್ತನ್ನು ಸ್ವಲ್ಪ ಓರೆಮಾಡಿ, ಬಹಳ ಹೊತ್ತು ನೋಡಿ, "ಮೀಸೆ ಬಂದುಬಿಟ್ಟಿದೆ! ನಿಮ್ಮ ತಾತನದೇ ಮೂಗು" ಎಂದರು. ಆಮೇಲೆ ನಮ್ಮ ಗೃಹಿಣಿಯ ಮುಖವಾಯಿತು, ನಮ್ಮದಾಯಿತು. ನಮ್ಮನ್ನು ನೋಡಿ, "ನೀನು ಇಷ್ಟು ಬೇಗ ಮುದುಕನಾದೆಯೇನೋ" ಎಂದು ನಕ್ಕರು. ಮಲಗಲು ಹೋಗುವಾಗ, "ಕಣ್ಣಪ್ಪನಿಗೆ ದೇವರು ಕಣ್ಣು ಹಿಂದಕ್ಕೆ ಕೊಟ್ಟ, ನನಗೆ ಮೊಮ್ಮಗ ಗೋಡೆ ಕೊಟ್ಟ" ಎಂದು ಹೇಳಿಹೋದರು. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಆಟದ ಸಾಮಾನೆಂದು ನಾವು ಬೇಡವೆಂದ ವಸ್ತುವಿನಿಂದ ನಮ್ಮ ತಪ್ಪು ನಮಗೆ ಗೊತ್ತಾಗಬೇಕಾಯಿತು.

ಈಗ ವಾರಕ್ಕೆ ಮೂರು ರಾತ್ರಿ ನಮ್ಮ ಮನೆ ಕತ್ತಲಾಗುತ್ತದೆ. ಒಂದು ದಿನ ಮಗನ ಆಟ, ಒಂದು ದಿನ ಅಜ್ಜಿಯ ಸಿನಿಮಾ, ಒಂದು ದಿನ ದೂರದ ನೆಂಟರಿಷ್ಟರು ಕಳುಹಿಸಿದ ಭಾವಚಿತ್ರಗಳ ದರ್ಶನ. ಆಟದ ದಿನವೂ ತಾಯಿಯವರು ಮುಂದಿನ ಚಾಪೆ ಬಿಡುವುದಿಲ್ಲ. ಕೊಳ್ಳಬೇಕೆಂದಿರುವ ಗೃಹಸ್ಥರಿಗೆ ನಮ್ಮ ಅನುಭವದಿಂದ ಎರಡು ಮಾತು: ಗೋಡೆಯನ್ನೂ ದೂರವನ್ನೂ ಅಳೆದ ಮೇಲೆ ಯಂತ್ರವನ್ನು ನೋಡಿರಿ, ಆನ್ಸಿ ಲ್ಯೂಮೆನ್ ಎಷ್ಟೆಂದು ಕೇಳಿರಿ, ಆಟಕ್ಕಾದರೆ ವಿಳಂಬ ಎಷ್ಟೆಂದೂ ಕೇಳಿರಿ, ಮಕ್ಕಳು ಮಸೂರದೊಳಗೆ ಇಣುಕದಂತೆ ಎಚ್ಚರವಹಿಸಿರಿ. ಮನೆಯಲ್ಲಿ ಹಿರಿಯರಿದ್ದು, "ನನಗೆ ಬೇಡ" ಎಂದರೆ, ಏಕೆ ಬೇಡವೆಂದು ಇನ್ನೊಮ್ಮೆ ಕೇಳಿರಿ. ಈ ಕೊನೆಯದಕ್ಕೆ ಯಂತ್ರವೇನೂ ಬೇಕಾಗಿಲ್ಲ.

ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದೇವೆ. ಕ್ಯಾಲೆಂಡರು ಅಡುಗೆಮನೆಗೆ ಹೋಗಿದೆ. ಮೊಳೆಯ ತೂತನ್ನು ಮಗನೇ ಮುಚ್ಚಿದನು. ಅಜ್ಜಿಯ ಚಿತ್ರಕ್ಕೆ ಅಡ್ಡವಾಗುತ್ತದೆಯಂತೆ.